ಗ್ರೇಟ್ ಯಾರ್ಕ್‌ಶೈರ್ ಶೋ: ಮೊದಲು ಕೊಟ್ಟಿಗೆ, ಆಮೇಲೆ ಊಟ
ಜುಲೈನಲ್ಲಿ ಇಂಗ್ಲೆಂಡಿನ ಹ್ಯಾರೋಗೇಟ್‌ನ ಗ್ರೇಟ್ ಯಾರ್ಕ್‌ಶೈರ್ ಶೋ ಎಂಬ ಕೃಷಿ ಮೇಳಕ್ಕೆ ಮಕ್ಕಳೊಂದಿಗೆ ಹೊರಟವರು ಗೇಟು ದಾಟಿದೊಡನೆ ತಿಂಡಿ ಮಳಿಗೆಗಳತ್ತ ತಿರುಗದೆ ನೇರವಾಗಿ ದನಗಳ ಕೊಟ್ಟಿಗೆಗೆ ನಡೆಯಿರಿ. ಸ್ಪರ್ಧೆಗೆ ಮುನ್ನ ದನಗಳ ಮೈ ತೊಳೆದು, ಬ್ಲೋವರ್‌ನಿಂದ ಒಣಗಿಸಿ, ಬಾಲದ ತುದಿಯ ಕೂದಲನ್ನೂ ಬಾಚುವುದು ಬೆಳಗಿನ ಹೊತ್ತಿನಲ್ಲೇ. ಹೈಲ್ಯಾಂಡ್ ಹಸುವಿನ ಕಣ್ಣು ಮುಚ್ಚುವ ಕೆಂಗೂದಲಿಗೆ ಬ್ರಷ್ ಆಡಿಸುವುದನ್ನು ಮಕ್ಕಳು ಒಂದು ಮಾರು ದೂರದಿಂದ ನೋಡಬಹುದು. ಮಧ್ಯಾಹ್ನ ಅದೇ ಜಾಗದಲ್ಲಿ ದೊಡ್ಡವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಬೆಳಿಗ್ಗೆ ಗುರುತು ಹಿಡಿದ ದನವೇ ಮುಂದೆ ಅಖಾಡದ ಮೆರವಣಿಗೆಯಲ್ಲಿ ಬಂದರಂತೂ ಮಕ್ಕಳ ಸಂಭ್ರಮ ನೋಡಬೇಕು! ಕೊಟ್ಟಿಗೆಯಿಂದ ಹೊರಬಂದ ಮೇಲೆ, ತಿನ್ನುವ ಮೊದಲು ಸೋಪು ಮತ್ತು ಹರಿಯುವ ನೀರಿನಿಂದಲೇ ಕೈ ತೊಳೆಸಿ. ಸ್ಯಾನಿಟೈಸರ್ ಜೆಲ್ ಹಚ್ಚಿದರೆ ಸಾಲದು, ಸಗಣಿಯಿಂದ ಹರಡುವ, ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ಅದಕ್ಕೆ ಜಗ್ಗುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿದ್ದರೆ ಇದರಲ್ಲಿ ಖಂಡಿತ ರಿಯಾಯಿತಿ ಬೇಡ. ಹತ್ತು ಗಂಟೆ ದಾಟಿ ತಲುಪಿದರೆ ಈ ಉಪಾಯದಿಂದ ಹೆಚ್ಚು ಪ್ರಯೋಜನವಿಲ್ಲ. ಆಗ ಕುರಿಗಳ ಕಡೆ ಹೋಗಿ, ವೆನ್ಸ್ಲಿಡೇಲ್ ಕುರಿಯ ಸುರುಳಿ ಉಣ್ಣೆ ಯಾವ ಹೊತ್ತಿನಲ್ಲೂ ಚೆಂದ. ಹಕ್ಕಿಜ್ವರದ ನಿರ್ಬಂಧವಿರುವ ವರ್ಷ ಕೋಳಿಗಳು ಇರುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ.