ಅಮೃತವರ್ಷಿಣಿಯ ಗುಡ್ಡಗಳನ್ನು ಬರೆಯುವ ಬಗೆ

ರಾಗವೊಂದನ್ನು ಭೂದೃಶ್ಯದ ಚಿತ್ರವಾಗಿ ಬರೆಯಲು ಹೊರಟವರು ಮೊದಲು ಬದಿಗಿಡಬೇಕಾದದ್ದು ಆ ರಾಗದ ಕಥೆಯನ್ನು. ಮುತ್ತುಸ್ವಾಮಿ ದೀಕ್ಷಿತರು ಎಟ್ಟಯಪುರದ ಬಳಿ ಕರ್ನಾಟಕ ಸಂಗೀತದ ಅಮೃತವರ್ಷಿಣಿ ರಾಗವನ್ನು ಹಾಡಿ ಮಳೆ ತರಿಸಿದರೆಂಬ ಐತಿಹ್ಯವನ್ನೇ ನೆಚ್ಚಿಕೊಂಡು ನಾನು ಬರೆದ ಮೊದಲ ಹಾಳೆಯಲ್ಲಿ ಬರೀ ಕಪ್ಪು ಮೋಡವಿತ್ತು. ಅದನ್ನು ಹಿಂದುಸ್ತಾನಿಯ ಮಳೆರಾಗವಾದ ಮಲ್ಹಾರವೆಂದು ಕರೆದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಚಿತ್ರಕ್ಕೆ ಬೇಕಾದದ್ದು ಸ್ವರಗಳ ನಡುವಿನ ಅಂತರ.

ಎ3 ಅಳತೆಯ ಹಾಳೆಯನ್ನು ಅಡ್ಡಲಾಗಿಟ್ಟು, ಕೆಳ ಅಂಚಿನಿಂದ 8 ಸೆಂಟಿಮೀಟರ್ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಇದು ಮಧ್ಯಸ್ಥಾಯಿಯ ಷಡ್ಜ, ಅಂದರೆ ಆಧಾರದ ‘ಸ’. ತಂಬೂರದ ನಾದದಂತೆ ಕೊನೆಯವರೆಗೂ ಕದಲದ ಈ ಗೆರೆಯನ್ನು ಬೇಕಲದ ಕೋಟೆಯ ಮೇಲೆ ನಿಂತವರಿಗೆ ಕಾಣುವ ಕಡಲಂಚೆಂದು ಭಾವಿಸಿದರೆ, ಅದಕ್ಕಿಂತ ಕೆಳಗಿನ ಮಂದ್ರದ ಸ್ವರಗಳು ತಾವಾಗಿಯೇ ನೀರೊಳಗಿನ ಬಂಡೆಗಳಾಗುತ್ತವೆ.

ಒಂದು ಷಡ್ಜದಿಂದ ಮೇಲಿನ ಷಡ್ಜಕ್ಕೆ ಹನ್ನೆರಡು ಮೆಟ್ಟಿಲು; ಅಂಥ ಒಂದು ಸ್ವರಸ್ಥಾನಕ್ಕೆ ಒಂದು ಸೆಂಟಿಮೀಟರ್ ಎಂದು ಲೆಕ್ಕ ಹಿಡಿಯಿರಿ. ಷಡ್ಜದಿಂದ ಮೇಲಕ್ಕೆ ಅಂತರ ಗಾಂಧಾರ 4ರಲ್ಲಿ, ಪ್ರತಿ ಮಧ್ಯಮ 6ರಲ್ಲಿ, ಪಂಚಮ 7ರಲ್ಲಿ, ಕಾಕಲಿ ನಿಷಾದ 11ರಲ್ಲಿ, ತಾರಷಡ್ಜ 12ರಲ್ಲಿ ಬೀಳುತ್ತವೆ. ರಿಷಭ, ಧೈವತಗಳಿಲ್ಲದ ಕಾರಣ ಎರಡು ಕಡೆ 4 ಸೆಂಟಿಮೀಟರಿನ ಕಡಿದಾದ ಏರು, ಏರಿದ ಮೇಲೆ ಒತ್ತೊತ್ತಾದ ಸ್ವರಗಳ ತಟ್ಟು: ಕುಂಬಳೆಯ ಕಡೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಪದವುಗಳನ್ನು, ಅಂದರೆ ತಲೆ ಚಪ್ಪಟೆಯಾದ ಗುಡ್ಡಗಳನ್ನು, ಬದಿಯಿಂದ ನೋಡಿದವರಿಗೆ ಈ ಆಕಾರ ಹೊಸತಲ್ಲ. ಮೋಹನ ರಾಗವನ್ನು ಇದೇ ಅಳತೆಯಲ್ಲಿ ಗುರುತಿಸಿದರೆ 2, 4, 7, 9, 12 ಎಂದು ಮೆಟ್ಟಿಲುಗಳು ಹೆಚ್ಚುಕಡಿಮೆ ಸಮನಾಗಿ ಬಂದು, ಹುಲ್ಲುಗುಡ್ಡದ ಮೆಲು ಇಳಿಜಾರು ಮೂಡುತ್ತದೆ.

ಆರಿಸಿಕೊಂಡ ಕೃತಿ ಆದಿತಾಳದಲ್ಲಿದ್ದರೆ ಅದರ 8 ಅಕ್ಷರಗಳಿಗೆ (ಎಣಿಕೆಗಳಿಗೆ) ಅಡ್ಡಲಾಗಿ ತಲಾ 4 ಸೆಂಟಿಮೀಟರ್ ಕೊಡಿ. ಪೆಟ್ಟು ಬೀಳುವ 1, 5, 7ನೇ ಅಕ್ಷರಗಳಲ್ಲಿ ಮಾತ್ರ ಒಂದೊಂದು ಎತ್ತರದ ಅಡಿಕೆ ಮರ ನಿಲ್ಲಲಿ. (ತೋಟದಲ್ಲಿ ಮರಗಳು ಹೀಗೆ ಅಂತರ ತಪ್ಪಿ ನಿಲ್ಲುವುದಿಲ್ಲವೆಂದು ಕೃಷಿಕರು ತಕರಾರು ತೆಗೆದರೆ ತಾಳ ಹಾಕಿ ತೋರಿಸಿ.) ಪಲ್ಲವಿಯ ಎಡುಪು, ಅಂದರೆ ಹಾಡು ಎತ್ತಿಕೊಳ್ಳುವ ಜಾಗ, ತಾಳದ ಮೊದಲಿನಲ್ಲಿ ಇಲ್ಲದಿದ್ದರೆ ಅಷ್ಟು ಜಾಗದಲ್ಲಿ ಕಡಲು ಮಾತ್ರ ಇರಲಿ.

ಇನ್ನು ಪಲ್ಲವಿಯ ಮೊದಲ ಸಾಲನ್ನು ಮೊಬೈಲಿನಲ್ಲಿ ಅರ್ಧ ವೇಗಕ್ಕಿಳಿಸಿ ಕೇಳುತ್ತ, ಸ್ವರಗಳನ್ನು ಚುಕ್ಕಿಗಳಾಗಿ ಗುರುತಿಸಿ ಜೋಡಿಸಿ. ಗಮಕವಿಲ್ಲದ, ಅಂದರೆ ಬಳುಕದ, ಸ್ವರಕ್ಕೆ ನೇರ ಗೆರೆ ಸಾಕು. ಸ್ವರ ಅಲುಗುವ ಕಂಪಿತಕ್ಕೆ ಗೆರೆ ನಡುಗಲಿ, ಜಾರುವಲ್ಲಿ ಕೈಯೆತ್ತದೆ ಇಳಿಯಲಿ. ಅದೇ ಸಾಲನ್ನು ಬೆಳೆಸಿ ಮತ್ತೆ ಮತ್ತೆ ಹಾಡುವ ಬಗೆಗಳೇ ಸಂಗತಿಗಳು; ಸರಳವಾದ ಮೊದಲ ಸಂಗತಿಯು ದೂರದ ಮಸುಕು ಬೆಟ್ಟವಾದರೆ, ಬೆಳೆದು ಬಂದ ಕೊನೆಯ ಸಂಗತಿಯು ಎದುರಿನ ಕಡು ಬಣ್ಣದ ಗುಡ್ಡ. ನಾಲ್ಕಕ್ಕಿಂತ ಹೆಚ್ಚು ಸಾಲುಗಳಾದರೆ ಕಣ್ಣಿಗೆ ಗದ್ದಲವಾಗುತ್ತದೆ.

ಎದುರಿನ ಗುಡ್ಡಕ್ಕೆ ಅಂಗಡಿಯ ಬಣ್ಣಕ್ಕಿಂತ ಮುರಕಲ್ಲಿನ ಪುಡಿಯೇ ಲೇಸು. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು, ಆದ್ದರಿಂದ ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. ಕುಟ್ಟಿ, ತೆಳುಬಟ್ಟೆಯಲ್ಲಿ ಎರಡು ಸಲ ಜಾಲಿಸಿ, ಗೋಂದಿನ ನೀರಿನಲ್ಲಿ ಕಲಸಿ. ಬೇರೆ ಚೂರಿನ ಮೇಲೆ ಬಳಿದು ಒಣಗಿಸಿ ಬೆರಳಿನಿಂದ ಉಜ್ಜಿದಾಗ ಪುಡಿ ಅಂಟಿದರೆ ಗೋಂದು ಸಾಲದೆಂದರ್ಥ.

ಬಣ್ಣ ಹಚ್ಚುವ ಮೊದಲೇ ಅಳತೆಯ ಗೆರೆಗಳನ್ನೆಲ್ಲ ಅಳಿಸಿಬಿಡಿ. ಷಡ್ಜದ ಗೆರೆಯೊಂದು ಮಾತ್ರ ಉಳಿಯಲಿ.