ನೀರಲ್ಲಿ ಕರಗದ ನೂಲು

ಗಾಯಕ್ಕೆ ಹಂದರವಾಗಲೆಂದು ಹೈಲುರಾನಿಕ್ ಆಮ್ಲದ ನೂಲಿನಿಂದ ಮಾಡಿದ ಮೊದಲ ಹಾಳೆ ಕೈಗೆ ಬಂದ ದಿನ ಲ್ಯಾಬಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದ್ದೆ. ಈರುಳ್ಳಿ ಸಿಪ್ಪೆಯಷ್ಟು ತೆಳುವು, ಹಾಲಿನಂಥ ಬಿಳುಪು. ಚಿಮಟದಲ್ಲಿ ಅಂಚು ಹಿಡಿದು ಬಫರ್, ಅಂದರೆ ಪಿಎಚ್ ಬದಲಾಗದ ಉಪ್ಪುನೀರು, ತುಂಬಿದ ತಟ್ಟೆಗೆ ಇಳಿಸಿದೆ. ಬಾಂಬೆ ಮಿಠಾಯಿ ನಾಲಿಗೆ ಮೇಲೆ ಕರಗಿದ ಹಾಗೆ ಕರಗಿಹೋಯಿತು. ಚಿಮಟದ ತುದಿಯಲ್ಲಿ ಲೋಳೆ ಬಿಟ್ಟರೆ ಏನೂ ಉಳಿಯಲಿಲ್ಲ. ಒಂದೂವರೆ ವರ್ಷ ನಾನು ಮಾಡಿದ ಕೆಲಸವೆಲ್ಲ ಆ ತಟ್ಟೆಯಲ್ಲಿ ಹಾಳೆಯನ್ನು ನಿಲ್ಲಿಸುವುದಕ್ಕೇ.

ಹೈಲುರಾನಿಕ್ ಆಮ್ಲದ ಹೆಸರನ್ನು ಮುಖಕ್ಕೆ ಹಚ್ಚುವ ಸೀರಮ್ಮಿನ ಬಾಟಲಿ ಮೇಲೆ ನೀವು ಓದಿರುತ್ತೀರಿ. 1934ರಲ್ಲಿ ಕಾರ್ಲ್ ಮೆಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದರು. ನಮ್ಮ ಚರ್ಮದಲ್ಲಿ, ಕೀಲುಗಳ ದ್ರವದಲ್ಲಿ ಎಲ್ಲ ಕಡೆ ಇದೆ. ನೀರನ್ನು ಹಿಡಿದಿಟ್ಟುಕೊಳ್ಳುವುದೇ ಇದರ ಗುಣ. ಗಾಯದ ಮೇಲೆ ಜೀವಕೋಶಗಳು ಹಬ್ಬಲು ಹಂದರ ಕಟ್ಟಬೇಕು ಅಂದರೆ ಆ ಗುಣ ಬೇಕೇ ಬೇಕು. ಆದರೆ ಅದೇ ಗುಣದಿಂದ ಹಂದರವೇ ಕರಗಿಹೋಗುತ್ತದೆ. ಹಾಗಾಗಿ ಆಮ್ಲದ ಸರಪಳಿಗೆ ಮೊದಲು ಕೊಂಡಿಗಳನ್ನು ಹಾಕಿಟ್ಟುಕೊಂಡು, ನೂಲು ತೆಗೆದಾದ ಮೇಲೆ ಬೆಳಕು ಬಿಟ್ಟು ಅವನ್ನು ಒಂದಕ್ಕೊಂದು ಬೆಸೆಯಬೇಕು. ನಾನು ಹಾಕಿದ್ದು ಮೆಥಾಕ್ರಿಲೇಟ್ ಕೊಂಡಿ.

ಆ ಕೆಲಸಕ್ಕೆ ತಾಳ್ಮೆ ಬೇಕು. ಹೈಲುರಾನಿಕ್ ಆಮ್ಲದ ಶೇ 1ರ ದ್ರಾವಣವನ್ನು ಮಂಜುಗಡ್ಡೆಯ ಮೇಲಿಟ್ಟು ತಿರುಗಿಸುತ್ತಾ, ಆ ಕೊಂಡಿ ಕೊಡುವ ಮೆಥಾಕ್ರಿಲಿಕ್ ಅನ್‌ಹೈಡ್ರೈಡ್ ಅನ್ನು ಹನಿಹನಿಯಾಗಿ ಬಿಡಬೇಕು. ಬಿಟ್ಟ ಹಾಗೆಲ್ಲ ಮೆಥಾಕ್ರಿಲಿಕ್ ಆಮ್ಲ ಹುಟ್ಟಿ ಪಿಎಚ್ ಇಳಿಯುತ್ತದೆ. ಅದನ್ನು 8 ಮತ್ತು 8.5ರ ನಡುವೆ ಹಿಡಿಯಲು ಕಾಸ್ಟಿಕ್ ಸೋಡಾ ದ್ರಾವಣ ಸೇರಿಸುತ್ತಲೇ ಇರಬೇಕು. ಒಂದು ಸಲ ಊಟಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ಪಿಎಚ್ 6ಕ್ಕೆ ಬಂದಿತ್ತು. ಆ ಬ್ಯಾಚಿನಲ್ಲಿ ಸರಪಳಿಯ ನೂರು ಘಟಕಕ್ಕೆ ಹತ್ತು ಕೊಂಡಿಯೂ ಕೂತಿರಲಿಲ್ಲ. ಅಲ್ಲಿಂದಾಚೆಗೆ ಮೊದಲ ಎಂಟು ಗಂಟೆ ಮೀಟರಿನ ಮುಂದೆ ನಾನೋ ಲ್ಯಾಬಿನ ಜೊತೆಗಾರರೋ ಇದ್ದೇ ಇರುತ್ತಿದ್ದೆವು, ಬುತ್ತಿಯನ್ನು ಹೊರಗಿನ ಬೆಂಚಿನಲ್ಲಿ ಸರದಿ ಮೇಲೆ ತಿಂದೆವು. ಆಮೇಲೆ ಐದು ದಿನ, ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿಟ್ಟು ದಿನಕ್ಕೆರಡು ಸಲ ನೀರು ಬದಲಿಸುವುದು. ಮೆಥಾಕ್ರಿಲಿಕ್ ಘಾಟು ಪೂರ್ತಿ ಹೋಗುವ ತನಕ ಬಿಡಬಾರದು, ಒಳಗೆ ಉಳಿದದ್ದು ಮುಂದೆ ಜೀವಕೋಶಗಳನ್ನು ಕೊಲ್ಲುತ್ತದೆ. ಫ್ರೀಜ್ ಡ್ರೈಯರ್‌ನಿಂದ ಅರಳೆಯಂಥದ್ದು ಹೊರಬರುತ್ತದೆ. ಎಷ್ಟು ಕೊಂಡಿ ಕೂತಿವೆ ಅನ್ನುವುದನ್ನು ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಯಂತ್ರ ಹೇಳುತ್ತದೆ: 5.6 ಮತ್ತು 6.1 ಪಿಪಿಎಂ ಹತ್ತಿರ ಕೊಂಡಿಯ ಗುರುತಾಗಿ ಬರುವ ಎರಡು ಪೀಕುಗಳನ್ನು ನೋಡಬೇಕು. ಕೊಂಡಿ ಕಡಿಮೆಯಾದರೆ ಹಾಳೆ ಉಬ್ಬಿ ಗಂಜಿಯಾಗುತ್ತದೆ. ತೀರಾ ಹೆಚ್ಚಾದರೆ ಹಾಳೆ ಗಡುಸಾಗುತ್ತದೆ, ದೇಹದ ಹೈಲುರಾನಿಡೇಸ್ ಕಿಣ್ವ ಅದನ್ನು ಕತ್ತರಿಸಿ ಜಾಗ ಬಿಡಿಸಲಾರದು. ನೂರಕ್ಕೆ ನಲವತ್ತರ ಆಸುಪಾಸು ನನಗೆ ಒಗ್ಗಿತು.

ಇನ್ನು ನೂಲು ತೆಗೆಯುವುದು. ಈ ಆಮ್ಲ ಒಂದನ್ನೇ ನೀರಲ್ಲಿ ಕಲಸಿ ಎಲೆಕ್ಟ್ರೋಸ್ಪಿನ್ನಿಂಗ್, ಅಂದರೆ ವಿದ್ಯುತ್ತಿನ ಎಳೆತದಿಂದ ಸೂಜಿಯಿಂದ ನೂಲು ತೆಗೆಯುವುದು, ಮಾಡಲು ಹೊರಟರೆ ಸೂಜಿಯಿಂದ ಹನಿ ಬೀಳುತ್ತದೆ, ಎಳೆ ಬರುವುದಿಲ್ಲ. ಅದಕ್ಕೆ ಉದ್ದ ಸರಪಳಿಯ ಪಾಲಿಎಥಿಲೀನ್ ಆಕ್ಸೈಡ್ ಬೆರೆಸಿದೆ. ನನ್ನದು 9 ಲಕ್ಷ ಡಾಲ್ಟನ್ ಅಣುತೂಕದ್ದು. ಸಿರಿಂಜ್ ಪಂಪು ಗಂಟೆಗೆ 1 ಮಿಲಿಲೀಟರ್, ಸೂಜಿಗೆ 20 ಕಿಲೋವೋಲ್ಟ್, 15 ಸೆಂಟಿಮೀಟರ್ ದೂರದಲ್ಲಿ ತಿರುಗುವ ಡ್ರಮ್. ವೋಲ್ಟೇಜ್ ಏರಿಸುತ್ತಾ ಹೋದಂತೆ ಸೂಜಿ ಬಾಯಿಯ ಗುಂಡನೆ ಹನಿ ಚೂಪಾಗಿ ಸಣ್ಣ ಗೋಪುರವಾಗುತ್ತದೆ. ಅದರ ತುದಿಯಿಂದ ಒಂದು ಎಳೆ ನೆಟ್ಟಗೆ ಸ್ವಲ್ಪ ದೂರ ಹೋಗಿ, ಅಲ್ಲಿಂದ ಕಣ್ಣಿಗೆ ಸಿಗದಂತೆ ಚಾಟಿ ಬೀಸತೊಡಗುತ್ತದೆ. ಭೌತವಿಜ್ಞಾನಿ ಜೆಫ್ರಿ ಟೇಲರ್ 1964ರಲ್ಲಿ ಲೆಕ್ಕ ಹಾಕಿ ತೋರಿಸಿದ ಶಂಕು ಆ ಗೋಪುರವೇ. ಪಕ್ಕದಿಂದ ಟಾರ್ಚ್ ಹಿಡಿದು ನೋಡಿ, ಇಡೀ ದಿನದ ದಣಿವು ಇಳಿದುಹೋಗುತ್ತದೆ.

ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿದ್ದ ನೂಲು ಜೂನ್ ಕೊನೆಗೆ ಕೆಟ್ಟಿತು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಎಳೆಗಳು ಮೆತ್ತಿಕೊಂಡು ಚಪ್ಪಟೆಯಾಗಿ ಕಂಡವು. ದ್ರಾವಣ ಬದಲಿಸಿದೆ, ವೋಲ್ಟೇಜ್ ಬದಲಿಸಿದೆ, ಮೂರು ವಾರ ಹೋಯಿತು. ನಮ್ಮದು ಶಿಡ್ಲಘಟ್ಟದ ಕಡೆ, ಅಪ್ಪ ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವರು. ಫೋನಿನಲ್ಲಿ ಹೀಗೇ ಹೇಳಿಕೊಂಡಾಗ, "ಮಳೆಗಾಲದಲ್ಲಿ ನೂಲು ರಾಟೆ ಮೇಲೆ ಒಣಗಲ್ಲ ಕಣಮ್ಮ, ಒಂದಕ್ಕೊಂದು ಹತ್ಕೊಂಡ್ಬಿಡುತ್ತೆ. ಕೆಳಗೆ ಕೆಂಡ ಇಡ್ತಿದ್ದಿದ್ದು ನೋಡಿಲ್ವಾ ನೀನು?" ಅಂದರು. ನೋಡಿದ್ದೆ. ಮಾರನೇ ದಿನ ತೇವಾಂಶದ ಮೀಟರ್ ಇಟ್ಟರೆ ಶೇ 74. ಗೂಡಿನ ಒಂಟಿ ಎಳೆ ನಮ್ಮ ಎಳೆಗಿಂತ ಹತ್ತಾರು ಪಟ್ಟು ದಪ್ಪ, ಆದರೂ ಕಾಯಿಲೆ ಒಂದೇ. ಗಾಳಿಯಲ್ಲಿರುವ ಆ ಕ್ಷಣಾರ್ಧದಲ್ಲಿ ನೀರು ಆರಬೇಕು, ಆರುತ್ತಿರಲಿಲ್ಲ. ನೂಲು ತೆಗೆಯುವ ಪೆಟ್ಟಿಗೆಯ ಸಂದುಗಳನ್ನು ಮುಚ್ಚಿ, ಡಿಹ್ಯೂಮಿಡಿಫೈಯರ್ ಜೋಡಿಸಿ ಶೇ 35ಕ್ಕೆ ಇಳಿಸಿದೆ. ಎಳೆಗಳು ಬಿಡಿಬಿಡಿಯಾಗಿ, 300 ನ್ಯಾನೋಮೀಟರ್ ಸುತ್ತಮುತ್ತ ಬಂದವು.

ಬೆಸುಗೆಗೆ 365 ನ್ಯಾನೋಮೀಟರಿನ ಯುವಿ ದೀಪ, ದ್ರಾವಣದಲ್ಲಿ ಮೊದಲೇ ಸೇರಿಸಿಟ್ಟ, ಬೆಳಕು ಬಿದ್ದಾಗ ಬೆಸುಗೆ ಶುರುಮಾಡುವ ಇರ್ಗಾಕ್ಯೂರ್ 2959. ಇಲ್ಲಿ ಒಂದು ಮಾತು ನೆನಪಿರಲಿ: ತೆರೆದ ಗಾಳಿಯಲ್ಲಿ ಮಾಡಬೇಡಿ. ಆಮ್ಲಜನಕ ಬೆಸುಗೆಯನ್ನು ತಡೆಯುತ್ತದೆ, ಎಳೆ ಸಣ್ಣದಾದಷ್ಟೂ ತೊಂದರೆ ಹೆಚ್ಚು. ಕಿಟಕಿಯಿರುವ ಡಬ್ಬಿಯಲ್ಲಿ ಹಾಳೆ ಇಟ್ಟು ನೈಟ್ರೋಜನ್ ಹರಿಸುತ್ತಾ ಬೆಳಕು ಬಿಟ್ಟೆ. ಆಮೇಲೆ ತಟ್ಟೆಗೆ ಇಳಿಸಿದಾಗ ಹಾಳೆ ಗಾಜಿನಂತೆ ಪಾರದರ್ಶಕವಾಯಿತು, ಸ್ವಲ್ಪ ಉಬ್ಬಿತು, ಅಲ್ಲೇ ನಿಂತಿತು. ರಾತ್ರಿಯೆಲ್ಲ ನೆನೆಸಿಟ್ಟು ಪಾಲಿಎಥಿಲೀನ್ ಆಕ್ಸೈಡ್ ತೊಳೆದು ಬೆಳಿಗ್ಗೆ ಬಂದು ನೋಡಿದಾಗಲೂ ಇತ್ತು.

ಆದರೆ ಗಾಯ ಮಾಯಿಸುವ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಬಿಟ್ಟಾಗ ಅವು ಅದರ ಮೇಲೆ ಕೂರಲಿಲ್ಲ, ದುಂಡಗೆ ತೇಲುತ್ತಿದ್ದವು. ಈ ಆಮ್ಲಕ್ಕೆ ಋಣ ವಿದ್ಯುದಂಶ, ಮೇಲೆ ನೀರಿನ ಹೊದಿಕೆ. ಕೋಶ ಕಾಲೂರಲು ಹಿಡಿಕೆಯೇ ಇಲ್ಲ. ಆರ್‌ಜಿಡಿ ಅನ್ನುವ ಪುಟ್ಟ ಪೆಪ್ಟೈಡ್ (ಪ್ರೋಟೀನಿನಂಥ ಸಣ್ಣ ತುಣುಕು) ಆ ಹಿಡಿಕೆಯಾಗುತ್ತದೆ. ಅದರ ತುದಿಯಲ್ಲಿ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಇದ್ದರೆ ನಮ್ಮದೇ ಮೆಥಾಕ್ರಿಲೇಟ್ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ನೂಲು ತೆಗೆಯುವ ಮೊದಲೇ ಕೆಲವು ಕೊಂಡಿಗಳನ್ನು ಪೆಪ್ಟೈಡಿಗೆ ಕೊಟ್ಟು, ಉಳಿದವನ್ನು ಬೆಸುಗೆಗೆ ಇಟ್ಟುಕೊಂಡೆ.

ಮೂರನೇ ದಿನ ಸಂಜೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟೆ. ಕೋಶಗಳು ಉದ್ದುದ್ದ ಚಾಚಿಕೊಂಡಿದ್ದವು, ಡ್ರಮ್ ತಿರುಗಿದ ದಿಕ್ಕಿಗೇ ಎಲ್ಲವೂ ಮುಖ ಮಾಡಿ ಎಳೆಗಳ ಗುಂಟ ಮಲಗಿದ್ದವು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. "ನೂಲು ಚೆನ್ನಾಗಿ ಬಂದದೆ" ಅಂತ ಉತ್ತರ ಬಂತು.