ಶೂ ಮೆತ್ತೆಗೆ ಜೀವ ಇದೆಯಾ? ಮನೆಯಲ್ಲೇ ನೋಡುವುದು ಹೀಗೆ

ಮುಂಬೈ ಮಾಟುಂಗದ ಫೈವ್ ಗಾರ್ಡನ್ಸ್‌ನಲ್ಲಿ ವಾಕಿಂಗ್‌ಗೆ ಬರುವ ನಮ್ಮವರನ್ನು ಶೂ ಹಳೆಯದಾಯಿತಾ ಅಂತ ಕೇಳಿ. ಅಡಿ ತಿರುಗಿಸಿ ರಬ್ಬರ್ ತೋರಿಸುತ್ತಾರೆ, ‘ಇನ್ನೂ ಸವೆದಿಲ್ವಲ್ಲ!’ ಆದರೆ ಎಷ್ಟೋ ಸಲ ರಬ್ಬರ್‌ಗಿಂತ ಮೊದಲೇ ಕೈಕೊಡುವುದು ಅದರ ಮೇಲಿನ ಮೆತ್ತನೆ ಪದರ, ಮಿಡ್‌ಸೋಲ್. ಕೈ ಹಾಕಿದರೆ ಎದ್ದು ಬರುವ ಇನ್ಸೋಲ್ ಬೇರೆ. ಅದನ್ನು ಬದಲಿಸಿ ಸಮಾಧಾನ ಪಟ್ಟುಕೊಳ್ಳಬೇಡಿ.

ಹೆಚ್ಚಿನ ವಾಕಿಂಗ್ ಶೂಗಳಲ್ಲಿ ಮಿಡ್‌ಸೋಲ್ ಅಂದರೆ ಇವಿಎ ಫೋಮ್. ಅದರ ತುಂಬ ಪುಟಾಣಿ ಗಾಳಿಗುಳ್ಳೆಗಳು. ಹೆಜ್ಜೆ ಇಟ್ಟಾಗ ಕುಗ್ಗುತ್ತವೆ, ಎತ್ತಿದಾಗ ಉಬ್ಬುತ್ತವೆ. ತುಳಿದೂ ತುಳಿದೂ ಗುಳ್ಳೆಯ ಗೋಡೆ ಮಡಚಿಕೊಂಡರೆ ಮತ್ತೆ ಪೂರ್ತಿ ಉಬ್ಬುವುದಿಲ್ಲ.

ಮೊದಲು ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿ ಒಂದು ಕಡೆ ವಾಲಿದ್ದರೆ ಆ ಕಡೆಯ ಫೋಮ್ ಕುಸಿದಿದೆ. ಆಮೇಲೆ ಪಕ್ಕದಲ್ಲಿ ಅಡ್ಡ ಸುಕ್ಕು ಹುಡುಕಿ. ಭಾರ ಬಿಟ್ಟ ಮೇಲೂ ಸುಕ್ಕು ಆಳವಾಗಿ ನಿಂತಿದ್ದರೆ ಅನುಮಾನ ಪಡಿ. ಕೊನೆಗೆ ಇನ್ಸೋಲ್ ತೆಗೆದು ಹಿಮ್ಮಡಿ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ, ಪಾದದ ಕಮಾನಿನ ಅಂಚನ್ನೂ ಒತ್ತಿ. ಅಂಚು ಪುಟಿದು ಹಿಮ್ಮಡಿ ಮಾತ್ರ ಗಟ್ಟಿ ಅನ್ನಿಸಿದರೆ ಹೊಸ ಜೋಡಿ ತನ್ನಿ.

ಓಟದ ಶೂಗೆ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಲೆಕ್ಕ ಹೇಳುತ್ತಾರೆ. ನಡಿಗೆಯಲ್ಲಿ ಪೆಟ್ಟು ಕಡಿಮೆ, ಹಾಗಾಗಿ ಇನ್ನಷ್ಟು ಬರಬಹುದು. ಡೊಂಬಿವ್ಲಿಯಿಂದ ದಾದರ್‌ಗೆ ಅದೇ ಶೂನಲ್ಲಿ ಹೋಗುವವರು ಸ್ಟೇಷನ್ ಸೇತುವೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ?

ಮುಂಬೈಗೆ ಇನ್ನೊಂದು ತಲೆನೋವಿದೆ. ಕೆಲವು ಶೂಗಳ ಮಿಡ್‌ಸೋಲ್ ಪಿಯು, ಅಂದರೆ ಪಾಲಿಯುರೆಥೇನ್. ತೇವ ಅದಕ್ಕೆ ಆಗಿಬರುವುದಿಲ್ಲ, ಒಳಗಿಂದೊಳಗೇ ಹಾಳುಮಾಡುತ್ತದೆ. ಊರಿನ ಮದುವೆಗೆ ಇರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿರುತ್ತೀರಿ. ಕೆಲವು ವರ್ಷ ಬಿಟ್ಟು ಹಾಕಿಕೊಂಡರೆ ಸೋಲ್ ಹಳೇ ಬಿಸ್ಕತ್ತಿನ ಹಾಗೆ ಉದುರುತ್ತದೆ. ಸ್ಟೇಷನ್ ಹೊರಗಿನ ಮೋಚಿ ಬಿಟ್ಟುಹೋದ ರಬ್ಬರ್ ಅಂಟಿಸಿಕೊಡಬಹುದು, ಪುಡಿಯಾದ ಫೋಮ್‌ಗೆ ಏನು ಮಾಡಿಯಾನು? ಕವರ್ ಬಿಚ್ಚಿ, ಗಾಳಿಯಾಡುವಲ್ಲಿಡಿ. ಸುಮ್ನೆ ಇಡುವ ಬದಲು ಆಗಾಗ ಹಾಕಿಕೊಂಡು ಓಡಾಡಿ.

ಮಳೆಯಲ್ಲಿ ನೆನೆದರೆ ಇನ್ಸೋಲ್ ಹೊರತೆಗೆದು, ಒಳಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ಪೇಪರ್ ಒದ್ದೆಯಾದಾಗ ಬದಲಿಸಿ. ಡ್ರೈಯರ್, ಹೀಟರ್ ಬೇಡವೇ ಬೇಡ, ಜಾಸ್ತಿ ಶಾಖಕ್ಕೆ ಇವಿಎ ಕುಗ್ಗುತ್ತದೆ. ಜುಲೈನಲ್ಲಿ ಒಂದು ರಾತ್ರಿಗೆ ಶೂ ಒಣಗುವುದು ಕಷ್ಟ. ಇನ್ನೊಂದು ಜೋಡಿ ಇದ್ದರೆ ದಿನ ಬಿಟ್ಟು ದಿನ ಬದಲಿಸಿ ಹಾಕಿಕೊಳ್ಳಿ.